ಇಲ್ಲದವನು, ಕೊಡದವನು

ಬೆಳಗ್ಗೆ ಐದೂವರೆಗೆ ನಮ್ಮ ಬೀದಿಯಲ್ಲಿ ಮೊದಲು ಕೇಳುವುದು ಹಾಲಿನ ಕ್ರೇಟು ಇಳಿಸುವ ಸದ್ದು. ಅದರ ಹಿಂದೆಯೇ ಆಟೋ ತೊಳೆಯುವ ಸದ್ದು. ಎದುರು ವಠಾರದ ಹುಡುಗ ಬಕೆಟ್ಟು, ಹಳೇ ಬನಿಯನ್ನು ಹಿಡಿದು ಗಾಡಿ ಒರೆಸಿ, ಮುಂದಿನ ಗಾಜಿಗೆ ಊದಿನಕಡ್ಡಿ ಬೆಳಗಿ ಹೊರಡುತ್ತಿದ್ದ. ಹುಡುಗ ಅನ್ನುವುದು ಮೇಷ್ಟ್ರಾಗಿದ್ದ ನನ್ನ ರೂಢಿ, ಅವನಿಗೆ ಮೂವತ್ತೈದು ದಾಟಿದೆ. ಹೋದ ಮಳೆಗಾಲದಲ್ಲಿ ಆ ಸದ್ದು ನಿಂತಿತು. ಮೂರು ಕಂತು ತಪ್ಪಿತೆಂದು ಫೈನಾನ್ಸಿನವರು ಗಾಡಿ ಸೀಜ್ ಮಾಡಿಕೊಂಡು ಹೋಗಿದ್ದರು. ಹೆಚ್ಚು ದಿನ ಕಳೆಯಲಿಲ್ಲ, ಪೊಲೀಸಿನವರೂ ಬಂದರು. ಅವರ ಕೈಯಲ್ಲಿದ್ದುದು ಜೀವನಾಂಶದ ಬಾಕಿಯ ವಾರಂಟು.

ಗಂಡ ಹೆಂಡತಿ ಬೇರೆಯಾಗಿ ನಾಲ್ಕು ವರ್ಷ. ಮಗಳು ತಾಯಿಯ ಹತ್ತಿರ ಇದ್ದಾಳೆ. ಕೋರ್ಟು ಮಗುವಿಗೆಂದು ತಿಂಗಳಿಗೆ ನಾಲ್ಕು ಸಾವಿರ ಬರೆದಿದೆ, ಹತ್ತನೇ ತಾರೀಕಿನೊಳಗೆ ಕಟ್ಟಬೇಕು. ವಾರಂಟು ಬಂದ ದಿನ ಅವನು ನನ್ನ ಜಗಲಿಯ ಮೇಲೆ ಕೂತು ಹೇಳಿದ ಮಾತು ಇದು: "ಮೇಷ್ಟ್ರೇ, ನಾನು ಕೊಡಲ್ಲ ಅಂತಿಲ್ಲ. ಇಲ್ಲ ಅಂತಿದ್ದೀನಿ."

ಕೊಡಲ್ಲ, ಇಲ್ಲ. ಎರಡೂ ಕೋರ್ಟಿನ ಪುಸ್ತಕದಲ್ಲಿ ಒಂದೇ ಹೆಸರಿನಲ್ಲಿ ಕೂರುತ್ತವೆ: ಬಾಕಿ. ಅಂದಿನಿಂದ ಬೆಳಗಿನ ಕಾಫಿಯ ಹೊತ್ತಿಗೆ ನನ್ನ ಯೋಚನೆ ಈ ಎರಡು ಪದಗಳ ಸುತ್ತಲೇ ತಿರುಗುತ್ತಿದೆ. ಅದರ ಬೆನ್ನು ಹತ್ತಿ ಓದುತ್ತಾ ಹೋದವನಿಗೆ ಸಿಕ್ಕಿದ್ದು ದೂರದ ಅಮೆರಿಕದ ಒಂದು ಅಚ್ಚು ಹಾಕಿದ ಫಾರಂ.

ದಕ್ಷಿಣ ಕೆರೊಲಿನಾ ರಾಜ್ಯದಲ್ಲಿ ಟರ್ನರ್ ಎಂಬಾತ ತನ್ನ ಮಗುವಿನ ಪೋಷಣೆಗೆಂದು ವಾರಕ್ಕೆ 51 ಡಾಲರ್ 73 ಸೆಂಟ್ ಕೊಡಬೇಕೆಂದು 2003ರಲ್ಲಿ ಆದೇಶವಾಯಿತು. ಆತ ಮೇಲಿಂದ ಮೇಲೆ ತಪ್ಪಿದ. ಐದು ಸಲ ನ್ಯಾಯಾಂಗ ನಿಂದನೆಯ ತೀರ್ಪಾಯಿತು. ಇಲ್ಲಿ ಒಂದು ವಿಷಯವನ್ನು ಮುಚ್ಚಿಡಬಾರದು: ಮೊದಲ ನಾಲ್ಕು ಸಲ ಆತ ಹಣ ಕಟ್ಟಿದ, ಎರಡು ಸಲವಂತೂ ಜೈಲು ಸೇರಿದ ಎರಡು ಮೂರು ದಿನದಲ್ಲೇ. ಜೈಲಿನ ಹೆದರಿಕೆ ಕೆಲಸ ಮಾಡುತ್ತದೆ ಎನ್ನುವವರಿಗೆ ಇದು ಸಾಕ್ಷಿ. ಆ ಹಣ ಎಲ್ಲಿಂದ ಬಂತು ಎಂದು ತೀರ್ಪು ಹೇಳುವುದಿಲ್ಲ. ನನಗೆ ಮಾತ್ರ ನಮ್ಮ ಹುಡುಗನ ಅಕ್ಕನ ಓಲೆ ನೆನಪಾಯಿತು. ವಾರಂಟಿನ ಮೇಲೆ ಅವನು ಜೈಲಿನ ಒಳಗಿದ್ದ ಐದನೇ ದಿನ ಆಕೆ ಅದನ್ನು ಅಡ ಇಟ್ಟು ದುಡ್ಡು ಕಟ್ಟಿದ್ದಳು. ಕೋರ್ಟಿನ ಲೆಕ್ಕದಲ್ಲಿ ಅದು ತಂದೆ ಕೊಟ್ಟ ಹಣ.

ಐದನೇ ಸಲ ಟರ್ನರ್ ಕಟ್ಟಲಿಲ್ಲ, ಆರು ತಿಂಗಳು ಕಳೆದು ಬಂದ. ಮತ್ತೆ 2008ರ ಜನವರಿ 3ರಂದು ನ್ಯಾಯಾಧೀಶರ ಮುಂದೆ ನಿಂತಾಗ ಬಾಕಿ 5,728 ಡಾಲರ್ ಆಗಿತ್ತು. ಆತನ ಪರ ವಕೀಲರಿಲ್ಲ. ಮಗುವಿನ ತಾಯಿಯ ಪರವೂ ಇಲ್ಲ. ಮಾದಕ ವಸ್ತುವಿನ ಚಟಕ್ಕೆ ಬಿದ್ದಿದ್ದೆ, ಆಮೇಲೆ ಬೆನ್ನು ಮುರಿಯಿತು, ಅಂಗವಿಕಲರ ಭತ್ಯೆಗೆ ಅರ್ಜಿ ಹಾಕಿದ್ದೇನೆ ಎಂದೆಲ್ಲ ಹೇಳಿಕೊಂಡ. ವಿಚಾರಣೆ ಬೇಗನೆ ಮುಗಿಯಿತು. ಹನ್ನೆರಡು ತಿಂಗಳು ಸೆರೆ.

ಆ ಆದೇಶದ ಅಚ್ಚಿನ ಫಾರಂನಲ್ಲಿ ಒಂದು ಸಾಲಿತ್ತು. ಪ್ರತಿವಾದಿಗೆ ಕೆಲಸ ಇದೆ ಅಥವಾ ಇಲ್ಲ, ಹಣ ಕಟ್ಟುವ ಶಕ್ತಿ ಇದೆ ಅಥವಾ ಇಲ್ಲ. ಯಾವುದು ನಿಜವೋ ಅದನ್ನು ಗುರುತು ಮಾಡಬೇಕು. ನ್ಯಾಯಾಧೀಶರು ಯಾವುದನ್ನೂ ಗುರುತು ಮಾಡಿರಲಿಲ್ಲ. ಸಾಲು ಅಚ್ಚಾದ ಹಾಗೇ ಉಳಿದಿತ್ತು.

ಆ ಪ್ರಕರಣ ಮೇಲೇರಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜೂನ್ 20ರಂದು ಐದು ನಾಲ್ಕರ ಬಹುಮತದಲ್ಲಿ ತೀರ್ಪು ಬಂತು, ಬರೆದವರು ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್. ಇಂಥ ಪ್ರಕರಣದಲ್ಲಿ ಸರ್ಕಾರ ವಕೀಲರನ್ನು ಕೊಡಲೇಬೇಕೆಂದಿಲ್ಲ, ಆದರೆ ಕಟ್ಟುವ ಶಕ್ತಿ ಇದೆಯೇ ಎಂಬುದೇ ಮುಖ್ಯ ಪ್ರಶ್ನೆ ಎಂದು ಆ ಮನುಷ್ಯನಿಗೆ ಮೊದಲೇ ತಿಳಿಸಬೇಕು, ಅವನ ಹಣಕಾಸು ಕೇಳುವ ಫಾರಂ ಕೊಡಬೇಕು, ಉತ್ತರ ಹೇಳಲು ಅವಕಾಶ ಕೊಡಬೇಕು, ಕೊನೆಗೆ ಶಕ್ತಿ ಇದೆ ಎಂದು ಬಾಯಿಬಿಟ್ಟು ನಿರ್ಣಯಿಸಬೇಕು; ಇದಿಷ್ಟೂ ಇಲ್ಲದೆ ಜೈಲಿಗೆ ಕಳಿಸಿದ್ದು ತಪ್ಪು ಎಂದರು. ಅಷ್ಟರಲ್ಲಿ ಟರ್ನರ್ ಹನ್ನೆರಡು ತಿಂಗಳು ಮುಗಿಸಿ ಹೊರಬಂದು ಎಷ್ಟೋ ಕಾಲವಾಗಿತ್ತು. ಮೇಲಿನ ಕೋರ್ಟಿನ ನ್ಯಾಯ ಹೀಗೆಯೇ, ಮದುವೆ ಮುಗಿದ ಮೇಲೆ ಬರುವ ಓಲಗದಂತೆ.

ಆ ದೇಶ ಇಂಥ ಜಾಗಕ್ಕೆ ಹೇಗೆ ಬಂದು ನಿಂತಿತು? 1975ರ ಜನವರಿಯಲ್ಲಿ ಅಧ್ಯಕ್ಷ ಫೋರ್ಡ್ ಸಹಿ ಹಾಕಿದ ಕಾನೂನಿನಿಂದ ಮಕ್ಕಳ ಪೋಷಣೆಯ ಹಣ ವಸೂಲಿ ಮಾಡುವುದು ಕೇಂದ್ರ ಸರ್ಕಾರದ ಕಾರ್ಯಕ್ರಮವಾಯಿತು. ಹಿಂದಿದ್ದ ಕಾರಣ ಮಗುವಿನ ಹೊಟ್ಟೆಯಷ್ಟೇ ಅಲ್ಲ, ಖಜಾನೆಯೂ ಹೌದು. ಬಡ ತಾಯಿಗೆ ಸರ್ಕಾರ ಸಹಾಯಧನ ಕೊಡುತ್ತದೆ. ಅದನ್ನು ಪಡೆಯುವ ತಾಯಿ ಪೋಷಣೆಯ ಹಣದ ಹಕ್ಕನ್ನು ಸರ್ಕಾರಕ್ಕೆ ಬರೆದುಕೊಡಬೇಕು. ಹಾಗಾಗಿ ತಂದೆ ಕಟ್ಟಿದ ಹಣ ಎಷ್ಟೋ ಸಲ ಮಗುವಿನ ತಟ್ಟೆಗೆ ಬರದೆ ಸರ್ಕಾರದ ಖರ್ಚಿಗೆ ಜಮೆಯಾಗುತ್ತಿತ್ತು. ಇದನ್ನು ತಿಳಿದ ತಂದೆ ಕದ್ದುಮುಚ್ಚಿ ಒಂದು ಜೊತೆ ಶೂ ಕೊಡಿಸುವುದೇ ಮೇಲು ಎಂದುಕೊಂಡರೆ ಯಾರನ್ನು ಬೈಯುವುದು?

ಆಮೇಲೆ ಬಿಗಿ ಹೆಚ್ಚುತ್ತಾ ಹೋಯಿತು. 1986ರಲ್ಲಿ ಸೆನೆಟರ್ ಬಿಲ್ ಬ್ರಾಡ್ಲಿ (ಮೊದಲು ಹೆಸರಾಂತ ಬ್ಯಾಸ್ಕೆಟ್‌ಬಾಲ್ ಆಟಗಾರ) ತಂದ ತಿದ್ದುಪಡಿಯಿಂದ ಒಮ್ಮೆ ಬಾಕಿಯಾದದ್ದನ್ನು ಯಾವ ನ್ಯಾಯಾಧೀಶರೂ ಹಿಂದಕ್ಕೆ ಹೋಗಿ ಕಡಿಮೆ ಮಾಡುವಂತಿಲ್ಲವಾಯಿತು. ಕೆಲಸ ಹೋದ ದಿನವೇ ಅರ್ಜಿ ಹಾಕಬೇಕು, ಇಲ್ಲದಿದ್ದರೆ ಲೆಕ್ಕ ಓಡುತ್ತಲೇ ಇರುತ್ತದೆ. ಕೆಲಸ ಹೋದ ದಿನ ಯಾರಿಗೆ ಅರ್ಜಿ ನೆನಪಾಗುತ್ತದೆ? 1996ರ ಕಾನೂನು ಬಾಕಿದಾರರ ಲೈಸೆನ್ಸು ತಡೆಹಿಡಿಯುವ ವ್ಯವಸ್ಥೆ ಇರಲೇಬೇಕೆಂದು ರಾಜ್ಯಗಳಿಗೆ ಹೇಳಿತು: ವಾಹನ ಓಡಿಸುವುದು, ವೃತ್ತಿಯದು, ಬೇಟೆ ಮತ್ತು ಮೀನು ಹಿಡಿಯುವ ಮೋಜಿನದೂ ಸೇರಿ. ಮೀನಿನದು ಹೋಗಲಿ. ಲಾರಿ ಡ್ರೈವರನ ಲೈಸೆನ್ಸು ಕಿತ್ತುಕೊಂಡು, ದುಡಿದು ತಂದುಕೊಡು ಎನ್ನುವುದು ಎತ್ತಿನ ಕಾಲು ಕಟ್ಟಿ ನೇಗಿಲು ಹೂಡಿದ ಹಾಗೆ. ಇದಕ್ಕಿಂತ ವಿಚಿತ್ರವಾದದ್ದು ಜೈಲಿನ ಲೆಕ್ಕ. ಹಲವು ರಾಜ್ಯಗಳಲ್ಲಿ ಸೆರೆಯಲ್ಲಿರುವುದನ್ನು 'ತಾನಾಗಿ ಬಿಟ್ಟ ಕೆಲಸ' ಎಂದು ಎಣಿಸುತ್ತಿದ್ದರು, ಒಳಗಿದ್ದಷ್ಟು ದಿನವೂ ಬಾಕಿ ಬೆಳೆಯುತ್ತಿತ್ತು. ಹಾಗೆ ಎಣಿಸಬಾರದೆಂದು ಕೇಂದ್ರದ ನಿಯಮ ಬಂದದ್ದು 2016ರ ಡಿಸೆಂಬರಿನಲ್ಲಿ.

ಈ ಎಲ್ಲದರ ನಡುವೆ ಕೆಲವರಿಗೆ ಸರಳವಾದ ಒಂದು ಯೋಚನೆ ಬಂದಿತ್ತು. ಹಣ ಇಲ್ಲದವನಿಗೆ ಹಣ ಕೇಳುವ ಬದಲು ಕೆಲಸ ಹುಡುಕಿಕೊಟ್ಟರೆ? 1990ರ ದಶಕದಲ್ಲಿ ಲಾಸ್ ಏಂಜಲೀಸ್, ಮೆಂಫಿಸ್, ಡೇಟನ್ ಸೇರಿ ಏಳು ಊರುಗಳಲ್ಲಿ 'ಪೇರೆಂಟ್ಸ್ ಫೇರ್ ಶೇರ್' ಎಂಬ ಪ್ರಯೋಗ ನಡೆಯಿತು. ಮಕ್ಕಳು ತಮ್ಮ ಬಳಿ ಇಲ್ಲದ, ಬಾಕಿ ಉಳಿಸಿಕೊಂಡ, ಕೆಲಸವಿಲ್ಲದ ತಂದೆಯರನ್ನು ಕರೆದು, ಜೈಲಿನ ಬದಲು ಇಲ್ಲಿಗೆ ಬಾ ಎಂದರು. ಕೆಲಸ ಹುಡುಕಲು ನೆರವು, ತರಬೇತಿ, ಅವರವರೇ ಸುತ್ತ ಕೂತು ಮಾತಾಡುವ ಗುಂಪುಗಳು. ಕಾರ್ಯಕ್ರಮದಲ್ಲಿ ಇರುವಷ್ಟು ದಿನ ಕಟ್ಟಬೇಕಾದ ಮೊತ್ತವನ್ನೂ ಇಳಿಸುತ್ತಿದ್ದರು.

ಆಗ ಯಾರೂ ಹೆಚ್ಚು ನಿರೀಕ್ಷಿಸದ ಒಂದು ಸಂಗತಿ ಹೊರಬಂತು. ದಿನವೂ ತರಬೇತಿಗೆ ಬರಬೇಕು ಎಂದ ಕೂಡಲೇ ಕೆಲವರು, ನಮಗೆ ಬರಲಾಗುವುದಿಲ್ಲ, ಕೆಲಸಕ್ಕೆ ಹೋಗಬೇಕು ಎಂದರು! ಅಲ್ಲಿಯವರೆಗೂ ಕೆಲಸವಿಲ್ಲ ಎಂದು ಹೇಳುತ್ತಿದ್ದವರೇ ಅವರು. ಹೊಗೆ ಹಾಕಿದರೆ ಬಿಲದಿಂದ ಇಲಿ ಹೊರಬರುವಂತೆ ಮುಚ್ಚಿಟ್ಟ ಸಂಬಳ ಹೊರಬಂತು. ಜೈಲು ಮಾಡಲಾಗದ ವಿಂಗಡಣೆಯನ್ನು ಒಂದು ಕೆಲಸದ ಆಹ್ವಾನ ಮಾಡಿತು. ಕೊಡದವನು ಒಂದು ಕಡೆ, ಇಲ್ಲದವನು ಇನ್ನೊಂದು ಕಡೆ. ಈ ವಿಷಯದಲ್ಲಿ ನಾನು ಓದಿದ ಎಲ್ಲದರಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ.

ಆ ಪ್ರಯೋಗ ಪವಾಡವನ್ನೇನೂ ಮಾಡಲಿಲ್ಲ. ಹಣ ಕಟ್ಟುವವರು ಒಂದಿಷ್ಟು ಹೆಚ್ಚಿದರು. ಒಟ್ಟಾರೆ ಗಳಿಕೆ ಅಷ್ಟೇನೂ ಏರಲಿಲ್ಲ. ಓದು ಕಡಿಮೆ, ಅನುಭವ ಕಡಿಮೆ ಇದ್ದ ತೀರ ಕೆಳಗಿನವರಿಗೆ ಸ್ವಲ್ಪ ಲಾಭವಾಯಿತು. ಟೆಕ್ಸಾಸ್ ರಾಜ್ಯ 2005ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ನ್ಯಾಯಾಧೀಶರು ಬಾಕಿದಾರನಿಗೆ ಉದ್ಯೋಗ ಕಚೇರಿಗೆ ಹೋಗೆಂದು ಆದೇಶ ಕೊಡುತ್ತಾರೆ, ಹೋಗದಿದ್ದರೆ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಬೇಕು. ವಸೂಲಿ ಕಚೇರಿ, ಉದ್ಯೋಗ ಕಚೇರಿ, ಕೋರ್ಟು, ಮೂರೂ ಒಟ್ಟಿಗೆ ಕೂತವು. 2012ರಿಂದ ಎಂಟು ರಾಜ್ಯಗಳಲ್ಲಿ ಸುಮಾರು ಹತ್ತು ಸಾವಿರ ಜನರ ಮೇಲೆ ಇನ್ನೊಂದು ದೊಡ್ಡ ಪರೀಕ್ಷೆ ನಡೆದಾಗ ಕಟ್ಟಿದ ಮೊತ್ತ ಹೆಚ್ಚಲಿಲ್ಲ. ಕಟ್ಟಬೇಕೆಂದು ಬರೆದ ಮೊತ್ತ ಇಳಿದು ಆದಾಯಕ್ಕೆ ಹತ್ತಿರವಾಯಿತು, ವಸೂಲಿ ಕಚೇರಿಯ ಬಗ್ಗೆ ತಂದೆಯರಿಗಿದ್ದ ಕಹಿ ಕಡಿಮೆಯಾಯಿತು. ಲೆಕ್ಕ ನೋಡುವವರಿಗೆ ಇದು ಸೋಲು. ನನಗೇನೋ ಹಾಗೆ ಕಾಣುವುದಿಲ್ಲ. ಆಗದ ಮೊತ್ತವನ್ನು ಬರೆದಿಟ್ಟು ವರ್ಷಗಟ್ಟಲೆ ಬಾಕಿ ಬೆಳೆಸುವುದಕ್ಕಿಂತ, ಆಗುವ ಮೊತ್ತವನ್ನು ಬರೆದು ತಿಂಗಳು ತಿಂಗಳು ಪಡೆಯುವುದು ಮಗುವಿಗೆ ಮೇಲು. 2024ರ ಡಿಸೆಂಬರಿನಲ್ಲಿ, ವಸೂಲಿ ಕಾರ್ಯಕ್ರಮದ ಕೇಂದ್ರದ ಹಣವನ್ನು ಇಂಥ ತಂದೆ ತಾಯಿಯರಿಗೆ ಕೆಲಸ ಹುಡುಕಿಕೊಡಲೂ ರಾಜ್ಯಗಳು ಬಳಸಬಹುದೆಂದು ನಿಯಮವಾಯಿತು. ಅಷ್ಟು ಹೇಳಲು ಐವತ್ತು ವರ್ಷ ಬೇಕಾಯಿತು.

ನಮ್ಮ ಕಾನೂನೂ ಈ ಎರಡು ಪದಗಳ ನಡುವೆಯೇ ನಿಂತಿದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144. ಸಾಕಷ್ಟು ಕಾರಣವಿಲ್ಲದೆ ಕೊಡದಿದ್ದರೆ, ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆ. 'ಸಾಕಷ್ಟು ಕಾರಣವಿಲ್ಲದೆ' ಎಂಬುದೇ ನಮ್ಮ ಫಾರಂನ ಆ ಸಾಲು. ಅದನ್ನು ತುಂಬಿಸುವ ಕೆಲಸವನ್ನು 2020ರ ನವೆಂಬರಿನಲ್ಲಿ ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಮಾಡಿತು: ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಸಾಲ, ಆದಾಯದ ಪ್ರಮಾಣಪತ್ರ ಸಲ್ಲಿಸಬೇಕು. ಅದಕ್ಕೂ ಮೊದಲು 1988ರಲ್ಲಿ, ಕುಲದೀಪ್ ಕೌರ್ ಪ್ರಕರಣದಲ್ಲಿ, ಜೈಲಿಗೆ ಹೋಗಿಬಂದ ಮಾತ್ರಕ್ಕೆ ಬಾಕಿ ತೀರುವುದಿಲ್ಲ ಎಂದಿತ್ತು. ಸೆರೆ ವಸೂಲಿಯ ದಾರಿ, ಪಾವತಿಯಲ್ಲ. ಸರಿಯಾದ ಮಾತು, ಇಲ್ಲದಿದ್ದರೆ ಉಳ್ಳವನು ತಿಂಗಳು ಕಳೆದು ಬಂದು ಕೈತೊಳೆದುಕೊಳ್ಳುತ್ತಿದ್ದ. 2022ರಲ್ಲಿ ಅಂಜು ಗರ್ಗ್ ಪ್ರಕರಣದಲ್ಲಿ, ಮೈಯಲ್ಲಿ ಶಕ್ತಿಯಿರುವ ಗಂಡ ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದಿತು. ಅದೂ ಸರಿಯೇ. ಕೂಲಿ ಎಲ್ಲಿ ಸಿಗುತ್ತದೆ ಎಂದು ಹೇಳುವುದು ಮಾತ್ರ ಯಾರ ಕೆಲಸವೂ ಅಲ್ಲ.

ಕೊಡದವರು ನಮ್ಮಲ್ಲೇನು ಕಡಿಮೆಯೇ? ಕೇಸು ಬಿದ್ದ ಕೂಡಲೇ ಅಂಗಡಿಯನ್ನು ತಮ್ಮನ ಹೆಸರಿಗೆ ಮಾಡುವವರು, ಕೆಲಸಕ್ಕೆ ರಾಜೀನಾಮೆ ಕೊಟ್ಟು ಗೆಳೆಯನ ಕಚೇರಿಯಲ್ಲಿ ಕೈಗೆ ಸಂಬಳ ತೆಗೆದುಕೊಳ್ಳುವವರು, ಬೆಳೆ ಇದ್ದರೂ ಜಮೀನು ಬೀಳು ಎಂದು ಬರೆಸುವವರು. ಇವರ ಮೇಲೆ ವಾರಂಟು ಹೊರಡಲಿ. ನಾನು ಅಡ್ಡ ಬರುವುದಿಲ್ಲ.

ಆ ಹುಡುಗನ ಹೆಂಡತಿಯನ್ನೂ ನಾನು ಬಲ್ಲೆ. ಬೆಳಗ್ಗೆ ಎಂಟಕ್ಕೆ ಗಾರ್ಮೆಂಟ್ಸಿನ ಗಾಡಿ ಹಿಡಿಯಲು ಬಸ್ ಸ್ಟಾಪಿಗೆ ಬರುತ್ತಾಳೆ. ಒಂದು ದಿನ ಕೇಳಿದೆ. ಅವಳ ಮಾತಿನಲ್ಲಿ ಕಹಿ ಇರಲಿಲ್ಲ, ದಣಿವಿತ್ತು: "ಅವರು ಒಳಗಿದ್ರೆ ನನಗೇನು ಬರುತ್ತೆ ಸಾರ್? ಕೋರ್ಟಿಗೆ ಹೋದ ದಿನ ನನ್ನ ಕೂಲಿನೂ ಕಟ್. ಜೂನ್ ಬಂದ್ರೆ ಫೀಸು ಕಟ್ಟಬೇಕು, ಅಷ್ಟು ಸಿಕ್ಕಿದ್ರೆ ಸಾಕು." ಅವಳ ಹಕ್ಕಿನ ಹಣವನ್ನು ಯಾರೋ ಪಾಪ ಎಂದು ಮನ್ನಾ ಮಾಡುವ ಹಾಗಿಲ್ಲ. ಅದು ಮಗಳ ಹಣ. ಅವನ ಬಡತನ ಎಷ್ಟು ನಿಜವೋ ಜೂನ್ ತಿಂಗಳೂ ಅಷ್ಟೇ ನಿಜ.

ನಾನು ಕಂಡ ಕುಟುಂಬ ನ್ಯಾಯಾಲಯಗಳಲ್ಲಿ ಆಪ್ತ ಸಮಾಲೋಚಕರಿದ್ದಾರೆ, ಮಧ್ಯಸ್ಥಿಕೆಗೆ ಕೋಣೆಯಿದೆ, ವಕೀಲರನ್ನು ಇಟ್ಟುಕೊಳ್ಳಲಾಗದವರಿಗೆ ಉಚಿತ ಕಾನೂನು ನೆರವಿನ ಮೇಜಿದೆ. ಕೆಲಸದ ಮೇಜು ಇಲ್ಲ. ಹೊಸದಾಗಿ ಕಟ್ಟಬೇಕಾದದ್ದೂ ಹೆಚ್ಚೇನಿಲ್ಲ. ಜಿಲ್ಲೆಯ ಉದ್ಯೋಗ ವಿನಿಮಯ ಕೇಂದ್ರವಿದೆ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ, ಅದರ ಮಾದರಿಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ತರಬೇತಿ ಕೇಂದ್ರಗಳು, ಊಟ ವಸತಿ ಕೊಟ್ಟು ಪುಕ್ಕಟೆಯಾಗಿ ಕೆಲಸ ಕಲಿಸುತ್ತಿವೆ. ಜೀವನಾಂಶದ ಬಾಕಿಯ ಪ್ರಕರಣಗಳು ನಡೆಯುವ ದಿನ ಅಲ್ಲಿನ ಒಬ್ಬರು ಕೋರ್ಟಿನ ಪಡಸಾಲೆಯಲ್ಲಿ ಬಂದು ಕೂರಲಿ. 'ಇಲ್ಲ' ಎಂದವನನ್ನು ನ್ಯಾಯಾಧೀಶರು ಮೊದಲು ಅವರ ಹತ್ತಿರ ಕಳಿಸಲಿ. ಹೋದವನು ಯಾರು, ಹೋಗದವನು ಯಾರು ಎಂಬುದು ಮುಂದಿನ ವಾಯಿದೆಗೆ ತಾನೇ ಗೊತ್ತಾಗುತ್ತದೆ. ನಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೂತಿರುವ ಯಾರಾದರೂ ಇದನ್ನು ಓದುತ್ತಿದ್ದರೆ, ಒಂದು ಮೇಜು ಎರಡು ಕುರ್ಚಿ ಹಾಕಿ ನೋಡಿ ಎಂದು ಕೇಳಿಕೊಳ್ಳುತ್ತೇನೆ.

ಈಗ ಮತ್ತೆ ಐದೂವರೆಗೆ ಎದುರಿನ ನಲ್ಲಿಯಲ್ಲಿ ಆಟೋ ತೊಳೆಯುವ ಸದ್ದು ಕೇಳುತ್ತದೆ. ಗಾಡಿ ಅವನದಲ್ಲ, ದಿನ ಬಾಡಿಗೆಯದು. ಈ ತಿಂಗಳ ಹತ್ತನೇ ತಾರೀಕಿಗೆ ನಾಲ್ಕು ಸಾವಿರದಲ್ಲಿ ಮೂರು ಕಟ್ಟಿದ್ದಾನೆ. ಅಕ್ಕನ ಓಲೆ ಇನ್ನೂ ಅಂಗಡಿಯಲ್ಲೇ ಇದೆ.