ಮಧ್ಯಸ್ಥನ ತಕ್ಕಡಿ

ಇಬ್ಬರ ವ್ಯಾಜ್ಯವನ್ನು ಬಿಡಿಸಹೋದ ಸಜ್ಜನನಿಗೆ ಮೊದಲು ದೊರೆಯುವ ಬಿರುದು ‘ಪಕ್ಷಪಾತಿ’ ಎಂಬುದು. ಊರ ಪಂಚರ ಕಟ್ಟೆಯಲ್ಲಿ ಕಾಣುವ ಈ ಸಂಗತಿ ಜಗತ್ತಿನ ದೊಡ್ಡ ಸಂಸ್ಥೆಗಳಲ್ಲಿಯೂ ಕಾಣುತ್ತದೆ. ಮಾನವನ ಹಕ್ಕುಗಳನ್ನು ಕಾಯುವೆವೆಂದು ಪಣತೊಟ್ಟ ಸಂಸ್ಥೆಗಳ ಮೇಲೆ ರಾಜಕೀಯ ಪಕ್ಷಪಾತದ ದೂರು ಹೊರಗಿನಿಂದ ಮಾತ್ರವಲ್ಲದೆ ಒಳಗಿನಿಂದಲೂ ಏಳುತ್ತಿದೆ. ಇಂಥ ದೂರನ್ನು ಹೇಗೆ ತೂಗಬೇಕೆಂಬುದು ವಿಚಾರಯೋಗ್ಯವಾದ ಪ್ರಶ್ನೆ. ಏಕೆಂದರೆ ಈ ಗದ್ದಲದಲ್ಲಿ ಎಲ್ಲರಿಗಿಂತ ಮೊದಲು ಮರೆತುಹೋಗುವವನು ನೊಂದ ಮನುಷ್ಯನೇ ಆಗಿರುತ್ತಾನೆ.

ನಮ್ಮ ಪ್ರಾಚೀನರು ‘ಉದಾಸೀನ’, ‘ಮಧ್ಯಸ್ಥ’ ಎಂಬೆರಡು ಪದಗಳಲ್ಲಿ ಭೇದವನ್ನೆಣಿಸಿದರು. ಗೀತೆಯು ಇವರಿಬ್ಬರನ್ನೂ ಬೇರೆಬೇರೆಯಾಗಿ ಹೆಸರಿಸುತ್ತದೆ. ಯಾರ ಪಕ್ಷವನ್ನೂ ಹಿಡಿಯದೆ ಸುಮ್ಮನಿರುವವನು ಉದಾಸೀನನು. ಪರಸ್ಪರ ವಿರೋಧಿಗಳಾದ ಇಬ್ಬರ ಹಿತವನ್ನೂ ಬಯಸುವವನು ಮಧ್ಯಸ್ಥನು ಎಂದು ಭಾಷ್ಯಕಾರರ ವಿವರಣೆ. ಉದಾಸೀನನನ್ನು ಯಾರೂ ದೂರುವುದಿಲ್ಲ. ಅವನಿಂದ ಯಾರಿಗೂ ಉಪಕಾರವೂ ಇಲ್ಲ. ಮಧ್ಯಸ್ಥನಾದರೋ ಕಂಡುದನ್ನು ನುಡಿಯಬೇಕು. ನುಡಿದೊಡನೆ ಒಬ್ಬರಿಗೆ ನೋವಾಗುವುದು ಸಹಜ.

ಇದಕ್ಕೊಂದು ನಿದರ್ಶನವನ್ನು ನೋಡೋಣ. 1961ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ವಕೀಲ ಪೀಟರ್ ಬೆನೆನ್ಸನ್ನರು ‘ಅಬ್ಸರ್ವರ್’ ಪತ್ರಿಕೆಯಲ್ಲಿ ಬರೆದ ಲೇಖನದಿಂದ ‘ಆಮ್ನೆಸ್ಟಿ ಇಂಟರ್‌ನ್ಯಾಷನಲ್’ ಸಂಸ್ಥೆಯು ಹುಟ್ಟಿತು. ತಮ್ಮ ನಂಬುಗೆಗಾಗಿ ಸೆರೆಯಾದವರ ಬಿಡುಗಡೆಯೇ ಅದರ ಮೊದಲ ಗುರಿ. ಅದು ಶೀತಲ ಸಮರದ ಕಾಲ. ಅಪವಾದ ಬರಬಾರದೆಂದು ಅವರು ಒಂದು ಕಟ್ಟಳೆಯನ್ನು ಮಾಡಿಕೊಂಡರು: ಪ್ರತಿಯೊಂದು ಗುಂಪೂ ಪಾಶ್ಚಾತ್ಯ ಬಣದಿಂದ ಒಬ್ಬ, ಕಮ್ಯುನಿಸ್ಟ್ ಬಣದಿಂದ ಒಬ್ಬ, ಎರಡಕ್ಕೂ ಸೇರದ ದೇಶಗಳಿಂದ ಒಬ್ಬ, ಹೀಗೆ ಮೂವರು ಬಂದಿಗಳಿಗಾಗಿ ಶ್ರಮಿಸಬೇಕು. ಕಟ್ಟಳೆ ಒಳ್ಳೆಯದೇ. ಆದರೆ ಲೋಕದಲ್ಲಿ ಅನ್ಯಾಯವು ಮೂರು ಸಮಪಾಲಾಗಿ ಹಂಚಿಹೋಗಿರುವುದಿಲ್ಲ. ಎಣಿಕೆಯ ಸಮತ್ವ ಬೇರೆ, ತೂಕದ ಸಮತ್ವ ಬೇರೆ.

ಆ ಕಟ್ಟಳೆಯಿದ್ದೂ ಒಳಗಿನ ಕಲಹ ತಪ್ಪಲಿಲ್ಲ. ಏಡನ್ನಿನಲ್ಲಿ ಬ್ರಿಟಿಷರು ಬಂದಿಗಳನ್ನು ಹಿಂಸಿಸುತ್ತಿದ್ದಾರೆಂಬ ವರದಿಯು 1966ರಲ್ಲಿ ಸಿದ್ಧವಾದಾಗ, ಅದನ್ನು ತಡೆಹಿಡಿಯಲು ಬ್ರಿಟಿಷ್ ಗುಪ್ತಚರರ ಪ್ರಭಾವವು ಸಂಸ್ಥೆಯೊಳಗೇ ಸೇರಿಕೊಂಡಿದೆಯೆಂದು ಬೆನೆನ್ಸನ್ನರು ಆಪಾದಿಸಿದರು. ಮರುವರ್ಷ, ರೊಡೇಷಿಯದ ಬಂದಿಗಳ ಕುಟುಂಬಗಳಿಗೆ ಹಂಚಿದ ಹಣವು ಗುಟ್ಟಾಗಿ ಬ್ರಿಟಿಷ್ ಸರ್ಕಾರದಿಂದಲೇ ಬಂದುದೆಂದು ಬಯಲಾಯಿತು. ಆ ಏರ್ಪಾಟಿನಲ್ಲಿ ಸ್ವತಃ ಬೆನೆನ್ಸನ್ನರ ಕೈಯೂ ಇದ್ದಿತು! ಅವರು ಹುದ್ದೆಯನ್ನು ಬಿಟ್ಟರು. ಆದರೆ ಏಡನ್ನಿನ ಬಂದಿಯ ಮಾತು ನಿಜವೋ ಸುಳ್ಳೋ ಎಂಬುದನ್ನು ಈ ಜಗಳದಿಂದ ತಿಳಿಯುವಂತಿರಲಿಲ್ಲ. ಅದನ್ನು ಸಾಕ್ಷ್ಯದಿಂದಲೇ ತಿಳಿಯಬೇಕಿತ್ತು.

ಅರ್ಧಶತಮಾನದ ಮೇಲೆ ಅದೇ ಸಂಸ್ಥೆಯಲ್ಲಿ ಅದೇ ಪ್ರಶ್ನೆ ಮತ್ತೆ ಎದ್ದಿತು. ಉಕ್ರೇನಿನ ಮೇಲೆ ದಂಡೆತ್ತಿದ ರಷ್ಯವನ್ನು ಅದು ಖಂಡಿಸಿತ್ತು. ಆದರೆ 2022ರ ಆಗಸ್ಟ್ 4ರಂದು, ಉಕ್ರೇನಿನ ಸೇನೆಯೂ ವಸತಿಗಳ ನಡುವೆ, ಶಾಲೆ ಆಸ್ಪತ್ರೆಗಳಲ್ಲಿ ನೆಲೆಯೂರಿ ಜನರನ್ನು ಅಪಾಯಕ್ಕೊಡ್ಡಿತೆಂದು ಪ್ರಕಟಿಸಿತು. ತಮ್ಮ ಶಾಖೆಯ ಆಕ್ಷೇಪಗಳನ್ನು ಕಡೆಗಣಿಸಲಾಯಿತೆಂದೂ, ಇದು ರಷ್ಯದ ಪ್ರಚಾರಕ್ಕೆ ಒದಗಿತೆಂದೂ ಹೇಳಿ ಉಕ್ರೇನಿನ ಶಾಖೆಯ ಮುಖ್ಯಸ್ಥೆ ಒಕ್ಸಾನಾ ಪೊಕಾಲ್ಚುಕ್ ಅವರು ರಾಜೀನಾಮೆಯಿತ್ತರು. ಸಂಸ್ಥೆಯು ಹೊರಗಿನ ನ್ಯಾಯತಜ್ಞರಿಂದ ಪರಿಶೀಲನೆ ಮಾಡಿಸಿತು. ದಾಳಿಗೊಳಗಾದವರ ಲೋಪವನ್ನೂ ಎತ್ತಿ ಹೇಳುವುದು ಸಲ್ಲುವುದೇ, ಆದರೆ ಹೇಳಿದ ಭಾಷೆ ಅಸ್ಪಷ್ಟವೂ ಕೆಲವೆಡೆ ಪ್ರಶ್ನಾರ್ಹವೂ ಆಗಿತ್ತೆಂದು ಅವರು ಕಂಡರೆಂಬುದು 2023ರಲ್ಲಿ ಪತ್ರಿಕೆಗಳಿಂದ ತಿಳಿದುಬಂದಿತು.

ಈ ತೀರ್ಪಿನ ರೀತಿಯನ್ನು ಗಮನಿಸಬೇಕು. ಅದು ‘ನೀವು ಯಾರ ಕಡೆಯವರು?’ ಎಂದು ಕೇಳಲಿಲ್ಲ. ‘ಹೇಳಿದುದಕ್ಕೆ ಆಧಾರವೇನು, ಹೇಳಿದ ಬಗೆ ಸರಿಯೇ?’ ಎಂದು ಕೇಳಿತು. ನ್ಯಾಯಶಾಸ್ತ್ರದಲ್ಲಿ ವಾದ, ಜಲ್ಪ, ವಿತಂಡ ಎಂದು ಮೂರು ಬಗೆಯ ಕಥೆಗಳುಂಟು. ತನ್ನ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯನ್ನು ಖಂಡಿಸುವುದಷ್ಟೇ ವಿತಂಡ. ಸಾಕ್ಷ್ಯವನ್ನು ಮುಟ್ಟದೆ ಸಾಕ್ಷಿ ಹೇಳಿದವನನ್ನು ಪಕ್ಷಪಾತಿಯೆಂದು ದೂಡುವ ದೊರೆಗಳ ಉತ್ತರವೂ ಆ ಜಾತಿಯದೇ. ಹಾಗೆಂದು ಪಕ್ಷಪಾತದ ದೂರೆಲ್ಲವೂ ವಿತಂಡವಲ್ಲ. ಬಲ್ಲವನು ಒಳಗಿನಿಂದ ಎಚ್ಚರಿಸಿದರೆ ಕೇಳಿಸಿಕೊಳ್ಳುವುದು ಸಂಸ್ಥೆಯ ಧರ್ಮ. ಪರರ ಲೆಕ್ಕವನ್ನು ಕೇಳುವವನು ತನ್ನ ಲೆಕ್ಕವನ್ನು ಬಿಚ್ಚಿಡಬೇಕು. ಹಣ ಎಲ್ಲಿಂದ ಬಂದಿತೆಂಬುದನ್ನೂ ಹೇಳಬೇಕು.

ಓದುಗರಾದ ನಮಗೂ ಒಂದು ಹೊಣೆಯುಂಟು. ನಮಗೆ ಒಲ್ಲದವರ ಕ್ರೌರ್ಯದ ವರದಿಯನ್ನು ಪ್ರಮಾಣವೆನ್ನುತ್ತೇವೆ; ನಮಗೆ ಬೇಕಾದವರ ಕ್ರೌರ್ಯವನ್ನು ಅದೇ ಲೇಖನಿ ಬರೆದರೆ ಪಕ್ಷಪಾತವೆನ್ನುತ್ತೇವೆ. ಆಗ ವಾಲಿರುವುದು ಯಾರ ತಕ್ಕಡಿ? ವರದಿಯಲ್ಲಿನ ಹೆಸರುಗಳನ್ನು ಅದಲು ಬದಲು ಮಾಡಿ ಮತ್ತೊಮ್ಮೆ ಓದಿ ನೋಡುವುದು ಒಳ್ಳೆಯ ಅಭ್ಯಾಸ. ಆಗಲೂ ನಮ್ಮ ತೀರ್ಪು ಬದಲಾಗದಿದ್ದರೆ, ನೊಂದವನ ಮಾತನ್ನು ಕೇಳುವ ಯೋಗ್ಯತೆ ನಮಗೆ ಅಷ್ಟರಮಟ್ಟಿಗೆ ಬಂದಿತೆಂದು ತಿಳಿಯಬಹುದು.