ಕೋರ್ಟು ಬಿಟ್ಟರೆ ಸಾಕೇ?

ಮನೆಯಲ್ಲಿ ಜಗಳ ನಡೆಯುತ್ತದೆ. ಸಿಟ್ಟು ನೆತ್ತಿಗೇರಿದಾಗ “ಎಲ್ಲಾದರೂ ಹೋಗಿ ಸಾಯಿ” ಎಂಬ ಮಾತು ಬಾಯಿಯಿಂದ ಹೊರಟುಬಿಡುತ್ತದೆ. ಚಿಕ್ಕೋಡಿಯಲ್ಲಾಗಲಿ, ನಿಪ್ಪಾಣಿಯಲ್ಲಾಗಲಿ, ಅಥಣಿಯ ಓಣಿಗಳಲ್ಲಾಗಲಿ ಈ ಮಾತನ್ನು ಕೇಳದವರು ವಿರಳ. ಹೇಳಿದವನು ಸಂಜೆಯೊಳಗೆ ಮರೆಯುತ್ತಾನೆ. ಆದರೆ ಕೇಳಿದವರು ಮರೆಯುತ್ತಾರೆಯೇ? ಒಂದು ವೇಳೆ ಅವರು ನಿಜವಾಗಿಯೂ ಪ್ರಾಣ ಕಳೆದುಕೊಂಡರೆ ಹೇಳಿದವನು ಅಪರಾಧಿಯೇ? ಈ ಪ್ರಶ್ನೆಗೆ ದೇಶದ ಕಾನೂನು ಒಂದು ಉತ್ತರ ಕೊಡುತ್ತದೆ. ಸತ್ಯವಿಶ್ವಾಸಿಯ ಮನಸ್ಸಾಕ್ಷಿ ಇನ್ನೂ ಹೆಚ್ಚಿನದನ್ನು ಕೇಳುತ್ತದೆ.

ಮೊದಲು ಕಾನೂನಿನ ಮಾತು. ಆತ್ಮಹತ್ಯೆಗೆ ಪ್ರೇರಣೆ ಅಥವಾ ನೆರವು ನೀಡುವುದು ಭಾರತೀಯ ದಂಡ ಸಂಹಿತೆಯ 306ನೇ ಕಲಮಿನ ಪ್ರಕಾರ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯ 108ನೇ ಕಲಮು ಜಾರಿಯಲ್ಲಿದೆ. ಹೆಸರು ಬದಲಾಗಿದೆ, ಶಿಕ್ಷೆ ಬದಲಾಗಿಲ್ಲ. ಹತ್ತು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ. ಪ್ರೇರಣೆ ಎಂದರೇನು ಎಂಬುದನ್ನೂ ಕಾನೂನು ವಿವರಿಸಿದೆ. ಆ ಕೃತ್ಯಕ್ಕೆ ಹುರಿದುಂಬಿಸುವುದು, ಅದಕ್ಕಾಗಿ ಸಂಚು ಹೂಡುವುದು, ಉದ್ದೇಶಪೂರ್ವಕವಾಗಿ ಸಹಾಯ ಮಾಡುವುದು ಈ ಮೂರೂ ಪ್ರೇರಣೆಯೇ. ಸಾಯುವ ಹಕ್ಕು ಇದೆಯೆಂದಾದರೆ ಅದಕ್ಕೆ ನೆರವಾಗುವುದು ಅಪರಾಧ ಹೇಗಾದೀತು ಎಂಬ ವಾದವೂ ಒಮ್ಮೆ ಕೇಳಿಬಂದಿತ್ತು. 1996ರಲ್ಲಿ ಗ್ಯಾನ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠವು ಅದನ್ನು ತಳ್ಳಿಹಾಕಿತು. ಜೀವಿಸುವ ಹಕ್ಕಿನೊಳಗೆ ಸಾಯುವ ಹಕ್ಕು ಅಡಗಿಲ್ಲ ಎಂದು ಅದು ತೀರ್ಪಿತ್ತಿತು.

ಆದರೆ ಕಾನೂನು ಕಠಿಣವಾಗಿದ್ದರೂ ನ್ಯಾಯಾಲಯಗಳು ಅದನ್ನು ಬಹಳ ಎಚ್ಚರಿಕೆಯಿಂದಲೇ ಬಳಸುತ್ತವೆ. 2001ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ರಮೇಶ್ ಕುಮಾರ್ ಪ್ರಕರಣವನ್ನು ನೋಡಿ. ಜಗಳದಲ್ಲಿ ಗಂಡನು ಹೆಂಡತಿಗೆ, ನಿನಗೆ ಬೇಕಾದ್ದು ಮಾಡು, ಬೇಕಾದಲ್ಲಿಗೆ ಹೋಗು ಎಂಬರ್ಥದ ಮಾತು ಆಡಿದ್ದ. ಆಕೆ ಪ್ರಾಣ ಕಳೆದುಕೊಂಡಳು. ಸಿಟ್ಟಿನ ಭರದಲ್ಲಿ, ಪರಿಣಾಮವನ್ನು ಬಯಸದೆ ಆಡಿದ ಮಾತು ಪ್ರೇರಣೆಯಾಗದು ಎಂದು ಹೇಳಿ ಕೋರ್ಟು ಆತನನ್ನು 306ನೇ ಕಲಮಿನಿಂದ ಮುಕ್ತಗೊಳಿಸಿತು. ಮರುವರ್ಷ ಇನ್ನೊಂದು ಪ್ರಕರಣದಲ್ಲಿ, ಜಗಳದಲ್ಲಿ “ಹೋಗಿ ಸಾಯಿ” ಎಂದದ್ದು ಕೂಡ ಪ್ರೇರಣೆಯಲ್ಲ ಎಂದಿತು. ನಮ್ಮ ರಾಜ್ಯದ ಹೈಕೋರ್ಟು ಸಹ 2024ರಲ್ಲಿ ಇಂತಹದೇ ಮಾತಿನ ಮೇಲೆ ಹೂಡಿದ್ದ ಮೊಕದ್ದಮೆಯನ್ನು ರದ್ದುಪಡಿಸಿತು. ಸಾಯಲಿ ಎಂಬ ಉದ್ದೇಶವಿರಬೇಕು, ಮರಣಕ್ಕೆ ನೇರವಾಗಿ ದೂಡಿದ ಕೃತ್ಯವಿರಬೇಕು ಎಂಬುದು ಈ ತೀರ್ಪುಗಳ ಸಾರ.

ಇದನ್ನು ಕೇಳಿ ಕೆಲವರಿಗೆ ಸಂಕಟವಾಗಬಹುದು. ಆದರೆ ನ್ಯಾಯಾಧೀಶರ ಈ ಎಚ್ಚರಿಕೆ ತಪ್ಪಲ್ಲ. ಸತ್ತವರ ಚೀಟಿಯಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ನಿರಪರಾಧಿಯೊಬ್ಬ ಹತ್ತು ವರ್ಷ ಜೈಲಿನಲ್ಲಿ ಕೊಳೆಯಬಾರದು. ಸಂಶಯವಿರುವಾಗ ಶಿಕ್ಷೆಯಿಂದ ಹಿಂಜರಿಯಬೇಕೆಂಬುದು ಇಸ್ಲಾಮೀ ನ್ಯಾಯಶಾಸ್ತ್ರದ ಪ್ರಸಿದ್ಧ ನಿಯಮವೂ ಹೌದು. ಹೃದಯದೊಳಗಿರುವುದನ್ನು ಅರಿಯುವವನು ಅಲ್ಲಾಹನು ಮಾತ್ರ. ಮನುಷ್ಯರ ನ್ಯಾಯಾಲಯಕ್ಕೆ ಕಾಣುವುದು ಸಾಕ್ಷ್ಯ ಮಾತ್ರ.

ಸಮಸ್ಯೆ ಇರುವುದು ಕೋರ್ಟಿನಲ್ಲಿ ಅಲ್ಲ, ನಮ್ಮಲ್ಲಿ. ಬಿಡುಗಡೆಯ ತೀರ್ಪನ್ನು ನಾವು ಸಚ್ಚಾರಿತ್ರ್ಯದ ಪ್ರಮಾಣಪತ್ರವೆಂದು ಭಾವಿಸುತ್ತೇವೆ. ಮೇಲೆ ಹೇಳಿದ 2001ರ ಪ್ರಕರಣದಲ್ಲಿ ಕೋರ್ಟು ಗಂಡನನ್ನು ಪ್ರೇರಣೆಯ ಆರೋಪದಿಂದ ಬಿಟ್ಟರೂ, ಹೆಂಡತಿಯ ಮೇಲೆ ಎಸಗಿದ ಕ್ರೌರ್ಯಕ್ಕಾಗಿ ವಿಧಿಸಿದ್ದ ಶಿಕ್ಷೆಯನ್ನು ಬಿಡಲಿಲ್ಲ ಎಂಬುದನ್ನು ಮರೆಯಬಾರದು. ಮನುಷ್ಯರ ನ್ಯಾಯಾಲಯವೇ ಇಷ್ಟು ಭೇದವರಿತು ನಡೆಯುವಾಗ, ಅಣುವಿನಷ್ಟು ಕೆಡುಕನ್ನೂ ತೂಗುವ ಅಲ್ಲಾಹನ ನ್ಯಾಯಾಲಯದ ಗತಿಯೇನು? ಒಂದು ಜೀವವನ್ನು ಉಳಿಸುವುದು ಸಮಸ್ತ ಮಾನವಕುಲವನ್ನು ಉಳಿಸಿದುದಕ್ಕೆ ಸಮಾನವೆಂದು ಸೂರಃ ಅಲ್ ಮಾಇದಃ ಕಲಿಸುತ್ತದೆ. ಪಾಪದಲ್ಲಿ ಪರಸ್ಪರ ಸಹಕರಿಸಬಾರದೆಂಬ ಆದೇಶವೂ ಅದೇ ಸೂರಃದಲ್ಲಿದೆ. ವರದಕ್ಷಿಣೆಗಾಗಿ ಸೊಸೆಯನ್ನು ದಿನವೂ ಚುಚ್ಚುವ ಅತ್ತೆ, ಪರೀಕ್ಷೆಯಲ್ಲಿ ನಪಾಸಾದ ಮಗನನ್ನು ನೆಂಟರೆದುರು ಹೀಯಾಳಿಸುವ ತಂದೆ, ಯಾರದೋ ಮಗಳ ಬಗ್ಗೆ ಸುಳ್ಳು ಸುದ್ದಿ ಹಬ್ಬಿಸುವ ನೆರೆಯವರು, ಇವರಲ್ಲಿ ಯಾರೂ ಆ ಜೀವ ಹೋಗಲಿ ಎಂದು ಬಯಸಿರಲಿಕ್ಕಿಲ್ಲ. ಆದರೂ ಆ ಜೀವವನ್ನು ಅಂಚಿಗೆ ತಂದು ನಿಲ್ಲಿಸಿದ್ದರಲ್ಲಿ ಇವರ ಪಾಲಿಲ್ಲವೇ?

ಇನ್ನು ಸಾಲದ ವಿಷಯ. ನಮ್ಮ ಭಾಗದಲ್ಲಿ ಇದನ್ನು ಬಿಟ್ಟು ಈ ಚರ್ಚೆ ಪೂರ್ಣವಾಗದು. 2013ರ ನವೆಂಬರಿನಲ್ಲಿ ಬೆಳಗಾವಿಯ ಸುವರ್ಣಸೌಧದ ಬಳಿ ಕಬ್ಬಿನ ಬೆಲೆಗಾಗಿ ನಡೆದ ಧರಣಿಯಲ್ಲಿ ರಾಯಬಾಗ ತಾಲೂಕಿನ ರೈತರೊಬ್ಬರು ಪ್ರಾಣ ಕಳೆದುಕೊಂಡರು. ಒಳಗೆ ಅಧಿವೇಶನ ನಡೆಯುತ್ತಿತ್ತು, ಹೊರಗೆ ಒಂದು ಜೀವ ಹೋಯಿತು. ಕಬ್ಬಿನ ಬಿಲ್ಲು ತಡವಾದರೆ ಅಥಣಿ, ಕಾಗವಾಡಗಳ ಹಳ್ಳಿಗಳಲ್ಲಿ ಬೀಜ ಗೊಬ್ಬರದ ಸಾಲ, ಮಗಳ ಮದುವೆಯ ಸಾಲ, ಎಲ್ಲವೂ ಒಮ್ಮೆಲೇ ಕುತ್ತಿಗೆಗೆ ಬರುತ್ತವೆ. ಹೆಣ್ಣುಮಕ್ಕಳು ಸಂಘದ ಸಾಲದ ವಾರದ ಕಂತಿಗಾಗಿ ಇನ್ನೊಂದು ಸಂಘದಲ್ಲಿ ಸಾಲ ಎತ್ತುತ್ತಾರೆ. ಕಿರು ಸಾಲ ವಸೂಲಿಯ ಕಿರುಕುಳ ಮಿತಿಮೀರಿದಾಗ ರಾಜ್ಯ ಸರಕಾರವು 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿಯ ವಿರುದ್ಧ ಅಧ್ಯಾದೇಶವನ್ನೇ ತರಬೇಕಾಯಿತು. ಅದರಲ್ಲೂ ಹತ್ತು ವರ್ಷಗಳವರೆಗೆ ಶಿಕ್ಷೆಗೆ ಅವಕಾಶವಿದೆ.

ಅದೇ ವರ್ಷದ ಜನವರಿಯಲ್ಲಿ ಸುಪ್ರೀಂ ಕೋರ್ಟು ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ, ಕೊಟ್ಟ ಸಾಲವನ್ನು ಕೇಳಿದ ನೌಕರನ ಮೇಲೆ ಹೊರಿಸಿದ್ದ ಪ್ರೇರಣೆಯ ಆರೋಪವನ್ನು ತೆಗೆದುಹಾಕಿತ್ತು. ಸಾಲ ಕೇಳುವುದು ಅಪರಾಧವಲ್ಲ, ನಿಜ. ಸಾಲ ತೀರಿಸುವುದು ಸಾಲಗಾರನ ಕರ್ತವ್ಯ, ಅದೂ ನಿಜ. ತೀರಿಸುವ ಶಕ್ತಿಯಿದ್ದೂ ಸತಾಯಿಸುವುದನ್ನು ಪ್ರವಾದಿವರ್ಯರು(ಸ) ಅಕ್ರಮವೆಂದು ಕರೆದಿದ್ದಾರೆ. ಆದರೆ ಸಾಲಗಾರ ನಿಜವಾಗಿಯೂ ಸಂಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಅವನಿಗೆ ಸಮಯ ಕೊಡಬೇಕು, ಬಿಟ್ಟುಕೊಟ್ಟರೆ ಇನ್ನೂ ಉತ್ತಮ ಎಂಬುದು ಸೂರಃ ಅಲ್ ಬಕರಃದ ಬೋಧನೆ. ಒಬ್ಬ ವ್ಯಾಪಾರಿ ತನ್ನ ಆಳುಗಳಿಗೆ ಕಷ್ಟದಲ್ಲಿರುವ ಸಾಲಗಾರರನ್ನು ಬಿಟ್ಟುಬಿಡಿರೆಂದು ಹೇಳುತ್ತಿದ್ದ. ಆ ಕಾರಣಕ್ಕಾಗಿಯೇ ಅಲ್ಲಾಹನು ಅವನ ತಪ್ಪುಗಳನ್ನು ಬಿಟ್ಟುಬಿಟ್ಟನೆಂಬ ಹದೀಸ್ ಬುಖಾರಿ, ಮುಸ್ಲಿಮ್‌ಗಳಲ್ಲಿದೆ. ಓಣಿಯ ಮಧ್ಯೆ ನಿಂತು, ಮಕ್ಕಳೆದುರು ಮಾನ ಕಳೆದು ಭಿಶಿಯ ಹಣ ಕೇಳುವ ನಮ್ಮವರು ಈ ಹದೀಸನ್ನು ಓದಿಲ್ಲವೇ? ಅವರನ್ನು ಕೋರ್ಟು ಹಿಡಿಯಲಾರದು. ಆದರೆ ಹಿಡಿಯುವವನೊಬ್ಬನಿದ್ದಾನೆ.

ಸ್ವತಃ ಪ್ರಾಣ ಕಳೆದುಕೊಳ್ಳುವುದು ಮಹಾ ಪಾಪವೆಂಬುದರಲ್ಲಿ ಎರಡು ಮಾತಿಲ್ಲ. ಜೀವವು ನಮ್ಮ ಸೊತ್ತಲ್ಲ, ಅಲ್ಲಾಹನು ಒಪ್ಪಿಸಿದ ಅಮಾನತ್ತು. ಸಂಕಟ ಎಷ್ಟೇ ಇದ್ದರೂ ಮರಣವನ್ನು ಬಯಸಕೂಡದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆದರೆ ಪಾಪವನ್ನು ಖಂಡಿಸುವುದು ಬೇರೆ, ದುಃಖಿತ ಕುಟುಂಬವನ್ನು ಶಿಕ್ಷಿಸುವುದು ಬೇರೆ. ಹ. ತುಫೈಲ್ ಬಿನ್ ಅಮ್ರ್(ರ)ರ ಜೊತೆ ಮದೀನಕ್ಕೆ ವಲಸೆ ಬಂದ ಒಬ್ಬರು ರೋಗದ ನೋವು ತಾಳಲಾರದೆ ತಮ್ಮ ಕೈಯಿಂದಲೇ ಸಾವಿಗೀಡಾದರು. ಅವರು ತುಫೈಲ್‌ರ ಕನಸಿನಲ್ಲಿ ಕೈಗಳನ್ನು ಮುಚ್ಚಿಕೊಂಡು ಕಾಣಿಸಿದರು. ವಲಸೆಯ ಪುಣ್ಯದಿಂದ ಕ್ಷಮೆ ಸಿಕ್ಕಿತ್ತು, ಆದರೆ ಕೈಗಳು ಹಾಗೆಯೇ ಉಳಿದಿದ್ದವು. ಇದನ್ನು ಕೇಳಿದ ಪ್ರವಾದಿವರ್ಯರು(ಸ) ಆ ಕೈಗಳಿಗೂ ಕ್ಷಮೆ ನೀಡುವಂತೆ ಅಲ್ಲಾಹನಲ್ಲಿ ಪ್ರಾರ್ಥಿಸಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಅಂತಹವರೊಬ್ಬರ ಜನಾಝಃ ನಮಾಝನ್ನು ಪ್ರವಾದಿವರ್ಯರು(ಸ) ಸ್ವತಃ ನಿರ್ವಹಿಸದಿದ್ದ ಘಟನೆಯೂ ಉಂಟು. ಆದರೂ ಸಮುದಾಯವು ಆ ನಮಾಝನ್ನು ನಿರ್ವಹಿಸಬೇಕೆಂದೇ ಬಹುಸಂಖ್ಯಾತ ವಿದ್ವಾಂಸರು ಹೇಳಿದ್ದಾರೆ. ಹೀಗಿರುವಾಗ ಮಗನನ್ನು ಕಳೆದುಕೊಂಡ ತಾಯಿಯೆದುರು ಅವನ ನರಕದ ತೀರ್ಪು ನೀಡಲು ನಾವು ಯಾರು?

ಬದುಕುಳಿದವರ ಬಗ್ಗೆಯೂ ಕಾನೂನು ಈಗ ಮೃದುವಾಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರನ್ನು ತೀವ್ರ ಮಾನಸಿಕ ಒತ್ತಡಕ್ಕೆ ಒಳಗಾದವರೆಂದು ಪರಿಗಣಿಸಿ, ಅವರಿಗೆ ಆರೈಕೆ ನೀಡುವ ಹೊಣೆಯನ್ನು ಸರಕಾರಕ್ಕೆ ವಹಿಸಿತು. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ನಮ್ಮ ಮಸೀದಿಗಳ ಗೋಡೆಯ ಮೇಲೆ ನಮಾಝಿನ ವೇಳಾಪಟ್ಟಿಯ ಪಕ್ಕದಲ್ಲಿ ಈ ಸಂಖ್ಯೆಯನ್ನೂ ಬರೆದಿಟ್ಟರೆ ಏನು ನಷ್ಟ? ಸಾಲದಲ್ಲಿ ಮುಳುಗಿದವರಿಗಾಗಿ ಝಕಾತಿನಲ್ಲಿ ಪಾಲಿರುವುದನ್ನು ಜಮಾಅತಿನ ಹಿರಿಯರು ನೆನಪಿಸಿಕೊಂಡರೆ ಎಷ್ಟು ಮನೆಗಳು ಉಳಿದಾವು!

ಓದುಗರೇ, ಮುಂದಿನ ಸಲ ಸಿಟ್ಟು ಬಂದಾಗ ನಾಲಿಗೆಯ ತುದಿಗೆ ಬಂದ ಆ ಎರಡು ಶಬ್ದಗಳನ್ನು ನುಂಗಿಕೊಳ್ಳಿ. ಈಗಾಗಲೇ ಯಾರಿಗಾದರೂ ಹೇಳಿದ್ದರೆ, ಅವರು ಜೀವಂತವಾಗಿರುವಾಗಲೇ ಹೋಗಿ ಕ್ಷಮೆ ಕೇಳಿ. ಮನುಷ್ಯರಿಗೆ ಮಾಡಿದ ಅನ್ಯಾಯವನ್ನು ಆ ಮನುಷ್ಯರೇ ಕ್ಷಮಿಸಬೇಕು. ಅವರೇ ಹೊರಟುಹೋದರೆ ನಾವು ಯಾರ ಬಾಗಿಲು ತಟ್ಟುವುದು?