ಪಕ್ಕದ ಮಳಿಗೆ

ಸಂತೆಯಲ್ಲಿ ಕೊಳ್ಳುವುದು ಒಂದು ವಿದ್ಯೆ. ಸಂತೆಯಲ್ಲಿ ಕುಳಿತು ಮಾರುವುದು ಇನ್ನೊಂದು. ಮೊದಲನೆಯದು ನನಗೆ ಎಂದೂ ಬಂದದ್ದಲ್ಲ. ಎರಡನೆಯದನ್ನು ಕಲಿಯುವ ಯೋಗ ಒದಗಿದ್ದು ಅರುವತ್ತು ದಾಟಿದ ಮೇಲೆ. ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದವನು ಸುಮ್ಮನೆ ಕೂರಲಾರದೆ ಜೇಡಿಮಣ್ಣಿಗೆ ಕೈಹಾಕಿದೆ. ಸರಸ್ವತೀಪುರದ ನಮ್ಮ ಮನೆಯ ಹಿತ್ತಲಲ್ಲಿ, ಹಿಂದೆ ಸೌದೆ ಒಟ್ಟುತ್ತಿದ್ದ ಕೊಟ್ಟಿಗೆಯೊಳಗೆ, ವಿದ್ಯುತ್ತಿನಿಂದ ತಿರುಗುವ ತಿಗರಿಯೂ ವಿದ್ಯುತ್ತಿನಿಂದ ಕಾಯುವ ಗೂಡೂ ಬಂದು ಕುಳಿತುವು. ಮೊದಲ ವರ್ಷದ ಬಟ್ಟಲುಗಳನ್ನು ನೆಂಟರಿಗೆ ಹಂಚಿದೆ. ಎರಡನೆಯ ವರ್ಷದ ಹೊತ್ತಿಗೆ ನೆಂಟರು ನಮ್ಮ ಮನೆಗೆ ಬರುವುದನ್ನೇ ಕಡಿಮೆ ಮಾಡಿದರು. ಮಾರುವುದೊಂದೇ ದಾರಿಯಾಗಿ ಉಳಿಯಿತು.

ಮೈಸೂರಿಗೆ ಇದೇನೂ ಹೊಸ ಸಂಗತಿಯಲ್ಲ. ದಸರಾ ವಸ್ತುಪ್ರದರ್ಶನವನ್ನು ಚಾಮರಾಜೇಂದ್ರ ಒಡೆಯರು ೧೮೮೦ರಲ್ಲಿಯೇ ಆರಂಭಿಸಿದರು. ದೊಡ್ಡಕೆರೆ ಮೈದಾನದಲ್ಲಿ ಅದು ಇಂದಿಗೂ ನಡೆಯುತ್ತದೆ. ಕುಂಬಾರಗೇರಿ, ಕುಂಬಾರಕೊಪ್ಪಲು ಎಂಬ ಹೆಸರುಗಳು ಊರಿನೊಳಗೆ ಇನ್ನೂ ಉಳಿದಿವೆ. ಚೌತಿ ಹತ್ತಿರವಾದಾಗ ಕುಂಬಾರಗೇರಿಯಲ್ಲಿ ಮಣ್ಣಿನ ಗಣಪತಿಗಳು ಸಾಲುಗಟ್ಟಿ ಕೂರುತ್ತವೆ. ಈಚಿನ ವರ್ಷಗಳಲ್ಲಿ ಹೆಬ್ಬಾಳದ ಕಡೆ, ವರ್ತುಲ ರಸ್ತೆಯ ಬಳಿ, ‘ಅರ್ಬನ್ ಹಾಥ್’ ಎಂಬ ಕರಕುಶಲ ಸಂತೆಯ ಅಂಗಳವೂ ಆಗಿದೆ. ೧೯೯೪ರಲ್ಲಿ ರಾಜಧಾನಿಯಲ್ಲಿ ತೆರೆದ ದಿಲ್ಲಿ ಹಾಟ್ ಇದರ ಹಿರಿಯಣ್ಣ. ಮಾಡಿದವನೇ ಮಾರಬೇಕು, ನಡುವೆ ದಲ್ಲಾಳಿ ಇರಬಾರದು ಎಂಬುದು ಇಂಥ ಸಂತೆಗಳ ಉದ್ದೇಶ. ಉದ್ದೇಶ ಒಳ್ಳೆಯದು. ಆದರೆ ಮಾಡುವ ಕೈಗೂ ಮಾರುವ ಬಾಯಿಗೂ ಒಂದೇ ದೇಹದಲ್ಲಿ ಎಷ್ಟು ವೈರವಿರಬಲ್ಲದು ಎಂಬುದು ಮಳಿಗೆಯಲ್ಲಿ ಕುಳಿತವನಿಗೆ ಮಾತ್ರ ಗೊತ್ತು.

ಕೆಲವು ವರ್ಷಗಳ ಹಿಂದೆ ಅಂಥದೊಂದು ಮೇಳದಲ್ಲಿ ನನಗೂ ಒಂದು ಮಳಿಗೆ ದೊರೆಯಿತು. ಎದುರಿಗೆ ಚನ್ನಪಟ್ಟಣದ ಬೊಂಬೆಯವರು. ಅವರಾಚೆ ಬಿದಿರು ಬುಟ್ಟಿಯವರು. ಮೂಲೆಯಲ್ಲಿ ಇಳಕಲ್ ಸೀರೆ. ನನ್ನ ಬಲಗಡೆಗೆ ಹುಣಸೂರಿನ ಕಡೆಯ ಒಬ್ಬ ಕುಂಬಾರರು. ವಂಶಪಾರಂಪರ್ಯದ ಕಸುಬು, ಕೆರೆಯ ಮಣ್ಣು, ಮರದ ಹಲಗೆಯ ತಟ್ಟು, ಸೌದೆಯ ಆವಿಗೆ. ವಯಸ್ಸಿನಲ್ಲಿ ನನಗಿಂತ ನಾಲ್ಕಾರು ವರ್ಷ ಚಿಕ್ಕವರಿದ್ದಿರಬಹುದು. ನಾನು ಅವರನ್ನು ಯಜಮಾನರೇ ಎನ್ನುತ್ತಿದ್ದೆ. ಅವರು ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದರು.

ಸಂತೆಯ ಸಾಲಿಗೆ ಬರೆಯದ ಶಾಸನಗಳಿವೆ. ಬೆಳಗಿನ ಬೋಣಿಯಾಗದವನ ಮಳಿಗೆಯ ಎದುರಿಗೆ ನಿಂತು ಗಿರಾಕಿಯನ್ನು ಕೂಗಬಾರದು. ಚಿಲ್ಲರೆ ಕೇಳಿದರೆ ಇಲ್ಲವೆನ್ನಬಾರದು. ಪಕ್ಕದವನು ಊಟಕ್ಕೆ ಹೋದಾಗ ಅವನ ಮಳಿಗೆಯನ್ನು ನೋಡಿಕೊಳ್ಳಬೇಕು. ಮೊದಲೆರಡು ಸುಲಭ. ಮೂರನೆಯದರಲ್ಲಿ ನಾನು ಸೋತೆ. ಆ ಕಥೆಯನ್ನೇ ಹೇಳಹೊರಟಿದ್ದೇನೆ.

ಅದಕ್ಕೆ ಮೊದಲು ಬೆಲೆಯ ವಿಚಾರ. ನನ್ನ ಒಂದು ಕಾಫಿ ಬಟ್ಟಲಿಗೆ ೪೫೦ ರೂಪಾಯಿ. ಅವರ ನೀರಿನ ಗಡಿಗೆಗೆ, ನಲ್ಲಿ ಕೂಡಿಸಿದ್ದಕ್ಕೆ, ೨೫೦. ನನ್ನ ಬಟ್ಟಲು ಅಂಗೈಯಷ್ಟು. ಅವರ ಗಡಿಗೆಯನ್ನು ಎತ್ತಲು ಎರಡು ಕೈ ಬೇಕು. ಮಣ್ಣಿನ ಒಂದು ಮುದ್ದೆಯನ್ನು ಅರಿತರೆ ಮಣ್ಣಿನದೆಲ್ಲವನ್ನೂ ಅರಿತಂತೆ ಎಂದು ಉದ್ದಾಲಕನು ಶ್ವೇತಕೇತುವಿಗೆ ಹೇಳಿದ. ಉಳಿದದ್ದು ಬರಿಯ ಹೆಸರು ಎಂದ. ಮೇಳದಲ್ಲಿ ಮಾರಾಟವಾಗುವುದು ಆ ಬರಿಯ ಹೆಸರೇ ಎಂಬುದು ಆ ಋಷಿಗೆ ತಿಳಿಯದೆ ಇತ್ತೋ ಏನೋ. ನನ್ನ ಬಟ್ಟಲಿನ ತಳದಲ್ಲಿ ನನ್ನ ಮುದ್ರೆ ಇದೆ. ಅವರ ಗಡಿಗೆಯ ತಳದಲ್ಲಿ ಹೊಗೆಯ ಕಲೆ ಇದೆ. ಜಪಾನಿನ ಹಮಾದಾ ಶೋಜಿ ಎಂಬ ಮಹಾ ಕುಂಬಾರ ತನ್ನ ಪಾತ್ರೆಗಳ ಮೇಲೆ ಹೆಸರು ಹಾಕುವುದನ್ನು ಬಿಟ್ಟುಬಿಟ್ಟನಂತೆ. ಹೆಸರಿಲ್ಲದ ಹಳ್ಳಿಯ ಕುಶಲಿಯೇ ದೊಡ್ಡವನು ಎಂದು ಅವನ ಗೆಳೆಯ ಯಾನಗಿ ಸಾರುತ್ತಿದ್ದ ಕಾಲ ಅದು. ೧೯೫೫ರಲ್ಲಿ ಸರ್ಕಾರ ಹಮಾದಾನನ್ನು ದೇಶದ ಜೀವಂತ ನಿಧಿಯೆಂದು ಗೌರವಿಸಿತು. ಪಾತ್ರೆಗೆ ಸಹಿ ಹಾಕದಿದ್ದರೇನು, ಪಾತ್ರೆಯನ್ನಿಡುವ ಮರದ ಪೆಟ್ಟಿಗೆಗೆ ಸಹಿ ಹಾಕುತ್ತಿದ್ದ! ಹೆಸರನ್ನು ಬಾಗಿಲಿನಿಂದ ಹೊರಗೆ ಹಾಕಿದರೆ ಕಿಟಕಿಯಿಂದ ಒಳಗೆ ಬರುತ್ತದೆ.

ನನ್ನ ಮಳಿಗೆಯಲ್ಲಿ ‘ಒಂದೇ ಬೆಲೆ’ ಎಂಬ ಹಲಗೆ ಇತ್ತು. ಅದನ್ನು ಬರೆದದ್ದು ನನ್ನ ಹೆಂಡತಿ. ಚೌಕಾಸಿಯಲ್ಲಿ ನನ್ನ ದುರ್ಬಲತೆಯನ್ನು ಆಕೆ ಬಲ್ಲಳು. ವಿಚಿತ್ರವೆಂದರೆ ಜನ ಆ ಹಲಗೆಗೆ ಮರ್ಯಾದೆ ಕೊಡುತ್ತಿದ್ದರು. ನನ್ನಲ್ಲಿ ೪೫೦ ಕೊಟ್ಟು, ಬಟ್ಟಲನ್ನು ಕಾಗದದಲ್ಲಿ ಸುತ್ತಿಸಿಕೊಂಡು, ಎರಡು ಹೆಜ್ಜೆ ಸರಿದು ಪಕ್ಕದಲ್ಲಿ ೩೦ ರೂಪಾಯಿಯ ಮಡಕೆ ಮುಚ್ಚಳವನ್ನು ೨೦ಕ್ಕೆ ಕೇಳುತ್ತಿದ್ದರು. ಕನ್ನಡಕ ಹಾಕಿದ ಮೇಷ್ಟರ ಬಳಿ ಚೌಕಾಸಿ ಮಾಡಿದರೆ ಅವಮಾನ. ಪಂಚೆ ಉಟ್ಟ ಕುಂಬಾರನ ಬಳಿ ಮಾಡದಿದ್ದರೆ ನಷ್ಟ. ಇದನ್ನು ನಾನು ದಿನವೂ ಕಾಣುತ್ತಿದ್ದೆ, ಕಂಡು ಮರುಗುತ್ತಿದ್ದೆ, ಮರುಗುವುದಕ್ಕೆ ಖರ್ಚಿಲ್ಲವಷ್ಟೆ.

ನಾಲ್ಕನೆಯ ದಿನ ಮಧ್ಯಾಹ್ನ ನಾನು ಊಟ ಮುಗಿಸಿ ಬಂದಾಗ ಅವರು ಹೇಳಿದರು: “ಮೇಷ್ಟ್ರೇ, ಒಬ್ರು ಬಂದಿದ್ರು. ಆ ನೀಲಿ ಹೂಜಿ ಕೇಳಿದ್ರು. ನಾನು ಕೊಡ್ಲಿಲ್ಲ.”

ಆ ಹೂಜಿಗೆ ೯೦೦ ರೂಪಾಯಿ. ಮೇಳದಲ್ಲಿ ನನ್ನ ಅತಿ ಹೆಚ್ಚಿನ ಬೆಲೆಯ ಪದಾರ್ಥ. ಕೊಂಚ ಬಿಸಿಯಾಗಿಯೇ, “ಯಾಕೆ ಕೊಡಲಿಲ್ಲ?” ಎಂದೆ.

“ಅದಕ್ಕೆ ದನಿ ಇಲ್ಲ ಸಾ. ನೀವೇ ನೋಡಿ.”

ಅವರು ಹೂಜಿಯನ್ನು ಎಡಗೈಯ ಮೇಲೆ ಕೂರಿಸಿಕೊಂಡು ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು. ಪಕ್ಕದ ಇನ್ನೊಂದನ್ನು ತಟ್ಟಿದರು. ಅದು ಗಂಟೆಯಂತೆ ನುಡಿಯಿತು. ಇದು ಕೆಮ್ಮಿತು. ಹರಿಹರನ ರಗಳೆಯ ಕುಂಬಾರ ಗುಂಡಯ್ಯ ಮಡಕೆಯನ್ನು ತಟ್ಟಿದ ದನಿಗೆ ಶಿವನೇ ಕುಣಿಯಲು ಬಂದನಂತೆ. ನನ್ನ ಹೂಜಿಯ ದನಿಗೆ ಚಾಮುಂಡಿ ಬೆಟ್ಟದ ನಂದಿಯೂ ಕಿವಿ ಅಲುಗಿಸುತ್ತಿರಲಿಲ್ಲ. ಗಾಜಿನಂಥ ಲೇಪದ ಕೆಳಗೆ ಎಲ್ಲೋ ಕೂದಲೆಳೆಯಷ್ಟು ಬಿರುಕು.

ಬಿರುಕು ಬಂದದ್ದು ಹೇಗೆಂದು ನನಗೆ ಒಡನೆಯೆ ಹೊಳೆಯಿತು. ಮಣ್ಣಿನಲ್ಲಿರುವ ಬೆಣಚು ಸುಮಾರು ೫೭೩ ಡಿಗ್ರಿ ಸೆಂಟಿಗ್ರೇಡಿನ ಬಳಿ ತನ್ನ ರೂಪವನ್ನು ಬದಲಿಸುತ್ತದೆ. ಕಾಯುವಾಗ ಹಿಗ್ಗುತ್ತದೆ, ಆರುವಾಗ ತಟಕ್ಕನೆ ಕುಗ್ಗುತ್ತದೆ. ಆ ಘಟ್ಟವನ್ನು ನಿಧಾನವಾಗಿ ದಾಟಿಸಬೇಕು. ಗೂಡನ್ನು ತಾನಾಗಿ ಆರಲು ಬಿಟ್ಟು ಕಾಯುವುದೇ ಈ ಕಸುಬಿನ ತಪಸ್ಸು. ಮೇಳಕ್ಕೆ ಎರಡು ದಿನವಿದೆಯೆಂಬ ಆತುರದಲ್ಲಿ ನಾನು ಬಾಗಿಲನ್ನು ಬೇಗ ಸಡಿಲಿಸಿದ್ದೆ. ಬಿರುಕು ಹೂಜಿಯದಲ್ಲ, ನನ್ನದು. ಅದನ್ನು ತಟ್ಟಿ ನೋಡದೆ ಮೇಜಿನ ಮೇಲಿಟ್ಟೆನೇ, ಅಥವಾ ತಟ್ಟಿದರೆ ಏನು ಕೇಳಿಸೀತೋ ಎಂಬ ಭಯದಿಂದ ತಟ್ಟಲಿಲ್ಲವೇ? ಈ ಪ್ರಶ್ನೆಗೆ ಉತ್ತರವನ್ನು ನಾನು ಇಂದಿಗೂ ಪ್ರಾಮಾಣಿಕವಾಗಿ ಕೊಡಲಾರೆ.

“ಗಿರಾಕಿಗೆ ಏನು ಹೇಳಿದಿರಿ?” ಎಂದು ಕೇಳಿದೆ.

“ಇದು ಬೇರೆಯವರಿಗೆ ಮೀಸಲಾಗಿದೆ ಅಂದೆ.”

ಸುಳ್ಳು ಹೇಳಿದ್ದರು, ನನ್ನ ಮಾನ ಉಳಿಯಲೆಂದು. ಸತ್ಯಕ್ಕಾಗಿ ಮಾರಾಟವನ್ನು ಬಿಟ್ಟು, ಸ್ನೇಹಕ್ಕಾಗಿ ಸತ್ಯವನ್ನು ಬಿಟ್ಟಿದ್ದರು. ನೀತಿಶಾಸ್ತ್ರದ ಮೇಷ್ಟರು ಯಾರಾದರೂ ಇದನ್ನು ತೂಗಿ ಹೇಳಬೇಕು, ನಾನು ಗಣಿತದವನು.

ಎರಡು ದಿನ ಕಳೆದುವು. ಅವರು ಊಟಕ್ಕೆ ಹೋದರು. ನಾನು ಅವರ ಮಳಿಗೆಯ ಬಳಿಗೆ ಸರಿದೆ. ಒಬ್ಬ ಮಹಿಳೆ ಬಂದರು. ಸುಸಂಸ್ಕೃತರು, ಮಾತು ಮೃದು. ನೀರಿನ ಗಡಿಗೆಯನ್ನು ನೋಡಿದರು. “ಹೊರಗೆ ಜಿನುಗುತ್ತದಲ್ಲವೆ?” ಎಂದರು. ಜಿನುಗಿದರೇ ತಣ್ಣಗಾಗುವುದು, ಹೊರಮೈಯ ನೀರು ಆರುವಾಗ ಒಳಗಿನ ಶಾಖವನ್ನು ಕೊಂಡೊಯ್ಯುತ್ತದೆ, ನನ್ನ ಹೊಳೆಯುವ ಹೂಜಿಗೆ ಈ ಭಾಗ್ಯವಿಲ್ಲ ಎಂದು ಪಾಠವನ್ನೇ ಹೇಳಿದೆ. ಅವರಿಗೆ ಪಾಠ ಹಿಡಿಸಿತು. “ಇನ್ನೂರಕ್ಕೆ ಕೊಡಿ” ಎಂದು ನಕ್ಕರು. ನಾನೂ ನಕ್ಕೆ. ಕೊಟ್ಟುಬಿಟ್ಟೆ. ಅವರು ಮೊಬೈಲನ್ನು ಎತ್ತಿ, ಅಲ್ಲಿ ನೇತುಹಾಕಿದ್ದ ಚೌಕುಳಿಯ ಚಿತ್ರಕ್ಕೆ ಹಿಡಿದು, ಹಣ ಕಳಿಸಿ, ಗಡಿಗೆ ಹೊತ್ತುಕೊಂಡು ಹೋದರು.

ಏಕೆ ಕೊಟ್ಟೆ? ನನ್ನ ಬಟ್ಟಲಿನ ಬೆಲೆಯಲ್ಲಿ ಐದು ರೂಪಾಯಿಯನ್ನೂ ಇಳಿಸದವನು ಅವರ ಗಡಿಗೆಯಲ್ಲಿ ಐವತ್ತು ಬಿಟ್ಟದ್ದು ಯಾವ ಧರ್ಮ? ಇದನ್ನು ಔದಾರ್ಯವೆನ್ನಲೆ? ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಲೋಭವೂ ಅಲ್ಲ, ನನಗೇನೂ ಲಾಭವಿರಲಿಲ್ಲ. ನಾನು ಬಹಳ ಯೋಚಿಸಿ ಕಂಡುಕೊಂಡದ್ದು ಇಷ್ಟು: ಆ ಹೆಂಗಸಿನ ಕಣ್ಣಿನಲ್ಲಿ ಒಳ್ಳೆಯವನಾಗಿ ಕಾಣಬೇಕಿತ್ತು, ಅದರ ಖರ್ಚನ್ನು ಪಕ್ಕದವರ ಲೆಕ್ಕಕ್ಕೆ ಬರೆದೆ. ನಮ್ಮಲ್ಲಿ ಇದಕ್ಕೆ ದಾಕ್ಷಿಣ್ಯವೆಂಬ ಸುಂದರವಾದ ಹೆಸರಿದೆ. ಹೆಸರಿನ ಅಂದಕ್ಕೆ ಮರುಳಾಗಿ ನಾವು ಅದನ್ನು ಗುಣಗಳ ಪಟ್ಟಿಯಲ್ಲಿ ಸೇರಿಸಿದ್ದೇವೆ.

ಇದರ ಒಳಗೆ ಇನ್ನೂ ಒಂದು ಹುಳುಕಿತ್ತು, ಹೇಳಲು ನಾಚಿಕೆಯಾಗುತ್ತದೆ. ಅವರ ಗಡಿಗೆಗೆ ೨೫೦ ಎಂಬುದು ಬೆಲೆಯೆಂದೇ ನನಗೆ ಅನ್ನಿಸಿರಲಿಲ್ಲ. ಬೆಲೆಯನ್ನು ಕುರಿತ ಒಂದು ಸಲಹೆ ಎಂದು ಅನ್ನಿಸಿತ್ತು. ಅಂದರೆ ದಿನವೂ ಯಾವ ಗಿರಾಕಿಗಳನ್ನು ಕಂಡು ಮರುಗುತ್ತಿದ್ದೆನೋ ಅವರಲ್ಲಿ ನಾನೂ ಒಬ್ಬ.

ಹಣದ ಸಂದೇಶ ಊಟದ ಜಾಗದಲ್ಲೇ ಅವರ ಫೋನಿಗೆ ಬಂದಿತ್ತು. ಅವರು ಏನೂ ಕೇಳಲಿಲ್ಲ. ನಾನೇ ಐವತ್ತರ ನೋಟನ್ನು ಮುಂದಕ್ಕೆ ಹಿಡಿದೆ.

“ಅದು ಬೇಡಿ ಮೇಷ್ಟ್ರೇ. ಐವತ್ತು ಹೋದ್ರೆ ಹೋಯ್ತು. ನಾಳೆ ಆಯಮ್ಮ ಇನ್ನಿಬ್ರಿಗೆ ಹೇಳ್ತಾರೆ, ಅವರು ಇನ್ನೂರಕ್ಕೇ ಕೇಳ್ತಾರೆ. ಆಮೇಲೆ ನಮ್ಮೂರಿಂದ ಬೇರೆ ಯಾರಾದ್ರೂ ಬಂದು ಕೂತ್ರೂ ಇನ್ನೂರೇ. ಅದಕ್ಕೆಲ್ಲ ನೀವು ಕೊಡ್ತೀರಾ?”

ಕೋಪದಿಂದ ಹೇಳಿದ ಮಾತಲ್ಲ. ಗಡಿಗೆಯ ಬಾಯನ್ನು ಒರಸುತ್ತ, ಮಳೆ ಬರಬಹುದು ಎನ್ನುವ ಧಾಟಿಯಲ್ಲಿ ಹೇಳಿದರು. ಮರುದಿನ ಇಬ್ಬರಲ್ಲ, ಮೂವರು ಬಂದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಚಿಕ್ಕಂದಿನಿಂದ ಕೇಳಿದ್ದೆ. ನಾಲಿಗೆಯೂ ದೊಣ್ಣೆಯಾಗುತ್ತದೆ ಎಂದು ತಿಳಿದಿರಲಿಲ್ಲ.

ಆ ರಾತ್ರಿ ತುಲಾಧಾರನ ಕಥೆ ನೆನಪಾಯಿತು. ಶಾಂತಿಪರ್ವದಲ್ಲಿ ಬರುತ್ತದೆ. ಜಾಜಲಿಯೆಂಬ ತಪಸ್ವಿಯ ಜಡೆಯಲ್ಲಿ ಹಕ್ಕಿ ಗೂಡು ಕಟ್ಟಿ ಮರಿ ಮಾಡಿ ಹಾರಿಹೋಗುವ ತನಕ ಆತ ಅಲುಗಲಿಲ್ಲ. ತನ್ನಂಥ ಧರ್ಮಿಷ್ಠನಿಲ್ಲವೆಂದು ಬೀಗಿದಾಗ, ಕಾಶಿಯ ಅಂಗಡಿಕಾರ ತುಲಾಧಾರನಿಗೆ ನೀನು ಸಮನಲ್ಲ ಎಂಬ ವಾಣಿ ಕೇಳಿತು. ಹೋಗಿ ನೋಡಿದರೆ ಆತ ಸರಕು ತೂಗಿ ಮಾರುತ್ತಿದ್ದಾನೆ. ನನ್ನ ತಕ್ಕಡಿ ಎಲ್ಲರಿಗೂ ಸಮ ಎನ್ನುತ್ತಾನೆ. ಮರದಂತೆ ನಿಂತವನಿಗಿಂತ ಮಾರುತ್ತ ಕುಳಿತವನು ದೊಡ್ಡವನೆಂದ ಆ ಕವಿಗೆ ಸಂತೆಯ ಕಷ್ಟ ಗೊತ್ತಿತ್ತು. ಆದರೆ ತುಲಾಧಾರ ಮಾರುತ್ತಿದ್ದುದು ತನ್ನ ಸರಕನ್ನು. ಪಕ್ಕದ ಅಂಗಡಿಯವನು ಗಂಗಾಸ್ನಾನಕ್ಕೆ ಹೋದಾಗ ಅವನ ತಕ್ಕಡಿಯನ್ನು ಈತ ಹೇಗೆ ಹಿಡಿದನೆಂಬುದು ಆ ಕಥೆಯಲ್ಲಿಲ್ಲ. ಅರಿಸ್ಟಾಟಲನೂ ತನ್ನ ನೀತಿಗ್ರಂಥದ ಐದನೆಯ ಭಾಗದಲ್ಲಿ ಮನೆ ಕಟ್ಟುವವನಿಗೂ ಕೆರ ಹೊಲಿಯುವವನಿಗೂ ನಡುವೆ ನ್ಯಾಯವಾದ ವಿನಿಮಯ ಹೇಗೆಂದು ವಿಚಾರಿಸುತ್ತಾನೆ. ಕೊಡುವವನು, ಕೊಳ್ಳುವವನು: ಇಬ್ಬರೇ. ಸಾಲಿನಲ್ಲಿ ಕುಳಿತ ಮೂರನೆಯವನನ್ನು ಕುರಿತು ಹಿರಿಯರು ಅಷ್ಟಾಗಿ ಯೋಚಿಸಿದಂತೆ ಕಾಣುವುದಿಲ್ಲ.

ಮೇಳದ ಕೊನೆಯ ದಿನ. “ಊಟಕ್ಕೆ ಹೋಗ್ಬತ್ತೀನಿ, ನೋಡ್ಕೊಳಿ” ಎಂದು ಅವರು ಮತ್ತೆ ಎದ್ದರು. ಮತ್ತೆ ನನಗೇ ಒಪ್ಪಿಸಿದರಲ್ಲ ಎಂದು ಗಂಟಲು ತುಂಬಿತು. ಈ ಸಲ ಗಟ್ಟಿಯಾಗಿರಬೇಕೆಂದು ನಿರ್ಧರಿಸಿದೆ. ಒಬ್ಬ ಹುಡುಗ ಬಂದ. ಹೊಸದಾಗಿ ಕೆಲಸಕ್ಕೆ ಸೇರಿದವನಂತೆ ಕಂಡ. ಗಡಿಗೆಯನ್ನು ಇಷ್ಟಪಟ್ಟ. “ಇನ್ನೂರಿಪ್ಪತ್ತು ಮಾಡ್ಕೊಳಿ ಸಾರ್” ಎಂದ. “ಇನ್ನೂರೈವತ್ತು, ಒಂದೇ ಬೆಲೆ” ಎಂದೆ. ಇನ್ನೊಮ್ಮೆ ಕೇಳಿದ, ಇನ್ನೊಮ್ಮೆ ಅದನ್ನೇ ಹೇಳಿದೆ. ಗಡಿಗೆಯನ್ನು ಜೋಪಾನವಾಗಿ ಕೆಳಗಿಟ್ಟು ಹೊರಟುಹೋದ.

ಅವನು ತಿರುವಿನಲ್ಲಿ ಮರೆಯಾದ ಮೇಲೆ ನನಗೆ ಅನುಮಾನ ಹುಟ್ಟಿತು. ಕೊನೆಯ ದಿನ, ಮಾರಾಟವಾಗದ ಗಡಿಗೆಗಳನ್ನು ಹುಲ್ಲಿನಲ್ಲಿ ಹುದುಗಿಸಿ ಮತ್ತೆ ಹುಣಸೂರಿಗೆ ಸಾಗಿಸಬೇಕು. ದಾರಿಯಲ್ಲಿ ಒಂದೆರಡು ಒಡೆಯುವುದು ಖಂಡಿತ. ಯಜಮಾನರು ಇದ್ದಿದ್ದರೆ ೨೨೦ಕ್ಕೆ ಕೊಡುತ್ತಿದ್ದರೇನೋ. ಅಂದು ನನ್ನ ಸೌಜನ್ಯದ ವೆಚ್ಚವನ್ನು ಅವರು ತೆತ್ತಿದ್ದರು. ಇಂದು ನನ್ನ ನಿಷ್ಠೆಯ ವೆಚ್ಚವನ್ನೂ ಅವರೇ ತೆರಬೇಕೇ?

ಅವರು ಬಂದಾಗ ಇದ್ದದ್ದನ್ನು ಹೇಳಿದೆ.

“ಹುಡುಗ ಹೇಗಿದ್ದ?” ಎಂದರು.

“ಈಗತಾನೇ ಕೆಲಸಕ್ಕೆ ಸೇರಿದವನ ಹಾಗಿದ್ದ.”

“ಹೋಗ್ಲಿ ಬಿಡಿ” ಎಂದು ಎಲೆಗೆ ಸುಣ್ಣ ಸವರಿದರು. ಸ್ವಲ್ಪ ಹೊತ್ತಾದ ಮೇಲೆ ಎದ್ದು, ಆ ಹುಡುಗ ಹೋದ ತಿರುವಿನವರೆಗೆ ನಡೆದುಹೋಗಿ, ಆಚೆ ಈಚೆ ನೋಡಿ, ಹಿಂದಿರುಗಿ ಬಂದು ಗಡಿಗೆಗಳನ್ನು ಹುಲ್ಲಿನಲ್ಲಿ ಕಟ್ಟತೊಡಗಿದರು. ನಾನು ಹುಲ್ಲು ಎತ್ತಿಕೊಡುತ್ತ ಕುಳಿತೆ.